ಘಟ್ಟ ಇಳಿದು ಬಂದ ದೂರದರ್ಶನ

(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಕೃಷಿಕರಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ದೂರದರ್ಶನವೆಂದೊಡನೆ ಇಂದು ಧಾರಾವಾಹಿ, ಕ್ರಿಕೆಟ್ ಪಂದ್ಯ, ಸುದ್ದಿಯ ಗದ್ದಲ ಕಣ್ಣ ಮುಂದೆ ಬರುತ್ತವೆ. ಆದರೆ ನಮ್ಮ ದೇಶದಲ್ಲಿ ಸರಕಾರ ಈ ಪೆಟ್ಟಿಗೆಗೆ ಹಣ ಹಾಕಿದಾಗ ಕೊಟ್ಟ ಕಾರಣಗಳಲ್ಲಿ ಬೇಸಾಯಗಾರನ ಹೆಸರು ಮುಂದೆಯೇ ಇತ್ತು. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಆಕಾಶವಾಣಿಯ ಒಂದು ಪ್ರಯೋಗವಾಗಿ ಟೆಲಿವಿಷನ್ ಆರಂಭವಾಯಿತು. 1967ರ ಜನವರಿ 26ರಂದು ದೆಹಲಿಯ ಸುತ್ತಲಿನ 80 ಹಳ್ಳಿಗಳಿಗಾಗಿ ‘ಕೃಷಿ ದರ್ಶನ’ ಕಾರ್ಯಕ್ರಮ ಶುರುವಾಯಿತು. ಹಳ್ಳಿಗೊಂದು ಸೆಟ್ಟು, ಅದರ ಮುಂದೆ ಕುಳಿತು ನೋಡಿ ಚರ್ಚಿಸುವ ಒಂದು ಮಂಡಳಿ. ಗೋಧಿ ಬೆಳೆಯುವವನಿಗೆ ಗೋಧಿಯ ವಿಷಯವನ್ನೇ, ಅದೂ ಅವನ ಹೊಲದಿಂದ ಕೆಲವೇ ಮೈಲು ದೂರದಲ್ಲಿ ಚಿತ್ರಿಸಿ ತೋರಿಸಲಾಗುತ್ತಿತ್ತು. ಪ್ರಸಾರದ ವ್ಯಾಪ್ತಿ ಚಿಕ್ಕದಾಗಿತ್ತು, ಮಾತು ಹತ್ತಿರದ್ದಾಗಿತ್ತು. ಈ ಎರಡು ಸಂಗತಿಗಳನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ತಿಳಿಯುವುದು ಸುಲಭ.

ಕನ್ನಡ ನಾಡಿಗೆ ದೂರದರ್ಶನ ಬಂದುದು ಬೆಂಗಳೂರಿನ ಮೂಲಕ ಅಲ್ಲ ಎಂಬುದು ಅನೇಕರಿಗೆ ತಿಳಿಯದು. ಅದು ಬಂದುದು ಆಕಾಶದಿಂದ, ನೇರವಾಗಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ವಿಕ್ರಂ ಸಾರಾಭಾಯಿಯವರು ಮುಂದಾಲೋಚನೆ ಮಾಡಿದ್ದ ‘ಸೈಟ್’ ಎಂಬ ಯೋಜನೆ ಅವರು ತೀರಿಕೊಂಡ ಮೇಲೆ, 1975ರ ಆಗಸ್ಟ್ 1ರಂದು ಕಾರ್ಯಕ್ಕೆ ಬಂದಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಆಫ್ರಿಕಾದ ಪೂರ್ವಭಾಗದ ಮೇಲೆ ನಿಲ್ಲಿಸಿ, ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳುಹಿಸಲಾಯಿತು. ಹಳ್ಳಿಯ ಶಾಲೆಯ ಅಥವಾ ಪಂಚಾಯತಿ ಕಟ್ಟಡದ ಬಳಿ, ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಕೊಡೆಯಂತಹ ಆಂಟೆನಾ. ಒಳಗೆ ಊರವರಿಗೆಲ್ಲ ಸೇರಿ ಒಂದೇ ಸೆಟ್ಟು. ವಿದ್ಯುತ್ ಇಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಒಂದು ಚಿತ್ರದ ಜೊತೆ ಎರಡು ಭಾಷೆಯ ಧ್ವನಿಯನ್ನು ಕಳುಹಿಸುವ ಏರ್ಪಾಡು ಆ ಉಪಗ್ರಹದಲ್ಲಿತ್ತು. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು.

ಒಂದು ವರ್ಷ ಕಳೆದು 1976ರ ಜುಲೈ 31ಕ್ಕೆ ಉಪಗ್ರಹ ಹಿಂದಕ್ಕೆ ಹೋಯಿತು. ಆ ಪ್ರಯೋಗದ ಫಲವನ್ನು ಅಳೆದವರು ಕಂಡುಕೊಂಡ ಒಂದು ವಿಷಯ ನಮಗೆ ಮುಖ್ಯ. ಆರೋಗ್ಯ, ಸ್ವಚ್ಛತೆ ಮುಂತಾದ ವಿಷಯಗಳಲ್ಲಿ ನೋಡಿದವರ ತಿಳಿವಳಿಕೆ ಹೆಚ್ಚಿತು. ಬೇಸಾಯದ ಹೊಸ ಪದ್ಧತಿಗಳನ್ನು ಹಿಡಿಯುವುದರಲ್ಲಿ ಮಾತ್ರ ಅಷ್ಟು ಬದಲಾವಣೆ ಕಾಣಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಕೈ ತೊಳೆಯುವುದು ಎಲ್ಲ ಊರಲ್ಲೂ ಒಂದೇ. ಬಿತ್ತನೆ ಹಾಗಲ್ಲ, ಮಣ್ಣು ಬೇರೆ, ಮಳೆ ಬೇರೆ, ತಳಿ ಬೇರೆ.

ಅದೇ ವರ್ಷಗಳಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಪಿಜ್ ಎಂಬ ಊರಿನಲ್ಲಿ ಒಂದು ಕಿಲೋವಾಟ್ ಶಕ್ತಿಯ ಸಣ್ಣ ಪ್ರಸಾರ ಕೇಂದ್ರವನ್ನು ನಿಲ್ಲಿಸಿ, ಸುಮಾರು 400 ಹಳ್ಳಿಗಳಲ್ಲಿ ಸಾರ್ವಜನಿಕ ಸೆಟ್ಟುಗಳನ್ನು ಇಡಲಾಯಿತು. ಹಲವು ಕಡೆ ಅವು ಇದ್ದುದು ಹಾಲಿನ ಸೊಸೈಟಿಯ ಕಟ್ಟಡದಲ್ಲಿ. ಸಂಜೆ ಹಾಲು ಹಾಕಲು ಬಂದವರು ಅಲ್ಲೇ ಕುಳಿತು ನೋಡುತ್ತಿದ್ದರು. ಕೂಲಿಯ ದರ, ಜಾತಿಯ ಕಟ್ಟುಪಾಡು, ಎಮ್ಮೆಯ ಕಾಯಿಲೆ ಎಲ್ಲವೂ ಆ ಊರವರ ಬಾಯಿಂದಲೇ ಪರದೆಯ ಮೇಲೆ ಬಂದವು. ಈ ಕೆಲಸಕ್ಕೆ ಯುನೆಸ್ಕೋದ ಪ್ರಶಸ್ತಿಯೂ ದೊರೆಯಿತು. ಆದರೂ 1985ರಲ್ಲಿ ಪಿಜ್ ಕೇಂದ್ರವನ್ನು ಮುಚ್ಚಲಾಯಿತು; ಅಹಮದಾಬಾದಿನ ದೊಡ್ಡ ಕೇಂದ್ರ ಆ ಪ್ರದೇಶವನ್ನೂ ಮುಟ್ಟುತ್ತದೆ ಎಂಬುದು ಕೊಟ್ಟ ಸಮಾಧಾನ. ಊರವರು ಪ್ರತಿಭಟಿಸಿದರು. ಮುಟ್ಟುವುದು ಬೇರೆ, ಮಾತನಾಡಿಸುವುದು ಬೇರೆ ಎಂಬುದು ಅವರಿಗೆ ಗೊತ್ತಿತ್ತು.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಉಪಗ್ರಹ ಹೋದ ಮೇಲೆ ಹಳ್ಳಿಯ ಸೆಟ್ಟುಗಳು ಮೂಕವಾಗಬಾರದೆಂದು 1977ರಲ್ಲಿ ಗುಲ್ಬರ್ಗಾದಲ್ಲಿ ಭೂಮಿಯ ಮೇಲಿನ ಪ್ರಸಾರ ಕೇಂದ್ರವಾಯಿತು. ಹೀಗೆ ರಾಜಧಾನಿಗಿಂತ ಮೊದಲು ಗುಲ್ಬರ್ಗಾಕ್ಕೆ ದೂರದರ್ಶನ ಬಂತು. ಸರಕಾರಿ ಸೌಲಭ್ಯಗಳ ಚರಿತ್ರೆಯಲ್ಲಿ ಇಂತಹ ಕ್ರಮ ಅಪರೂಪ. ಬೆಂಗಳೂರು ಕೇಂದ್ರ 1981ರ ನವೆಂಬರಿನಲ್ಲಿ ಆರಂಭವಾಯಿತು. ಮೊದಲು ಬೇರೆಡೆಯ ಕಾರ್ಯಕ್ರಮಗಳ ಮರುಪ್ರಸಾರ. 1983ರಿಂದ ಸ್ವಂತ ಸ್ಟುಡಿಯೋದಲ್ಲಿ ತಯಾರಿಕೆ. ಜಯಚಾಮರಾಜೇಂದ್ರ ನಗರದ ಆ ಕೇಂದ್ರವೇ ಇಂದಿನ ‘ಚಂದನ’ ವಾಹಿನಿಯ ತಾಯಿಮನೆ.

ಬೆಂಗಳೂರಿನ ಗೋಪುರ ಎದ್ದಿತು, ಆದರೆ ಘಟ್ಟದ ಕೆಳಗಿನವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಇದಕ್ಕೆ ಕಾರಣ ಯಾರ ಅಸಡ್ಡೆಯೂ ಅಲ್ಲ. ಟೆಲಿವಿಷನ್ ಅಲೆಗಳ ಗುಣವೇ ಹಾಗೆ. ಮಧ್ಯಮ ತರಂಗದ ರೇಡಿಯೋ ಅಲೆ ಗುಡ್ಡವನ್ನು ಬಳಸಿ, ನೆಲವನ್ನು ಹಿಡಿದು ಸಾಗಬಲ್ಲದು. ಟೆಲಿವಿಷನ್ ಅಲೆ ಬ್ಯಾಟರಿ ದೀಪದ ಬೆಳಕಿನಂತೆ ನೇರವಾಗಿ ಹೋಗುತ್ತದೆ. ಅಡ್ಡ ಗುಡ್ಡ ಬಂದರೆ ಆಚೆ ಬದಿಗೆ ನೆರಳು. ಹತ್ತು ಕಿಲೋವಾಟ್‌ನ ದೊಡ್ಡ ಕೇಂದ್ರವೂ ಬಯಲುಸೀಮೆಯಲ್ಲಿ ಸುಮಾರು ನೂರು ಕಿಲೋಮೀಟರ್ ದೂರ ತಲಪಿದರೆ ದೊಡ್ಡದು. ಬೆಂಗಳೂರಿಗೂ ಬೆಳ್ತಂಗಡಿಗೂ ನಡುವೆ ಅದರ ಎಷ್ಟೋ ಪಾಲು ದೂರವಿದೆ. ಮೇಲಾಗಿ 1,800 ಮೀಟರಿಗೂ ಎತ್ತರದ ಕುದುರೆಮುಖದ ಸಾಲು ಗೋಡೆಯಂತೆ ನಿಂತಿದೆ.

ಹಾಗಾದರೆ ಕರಾವಳಿಗೆ ದೂರದರ್ಶನ ಬಂದುದು ಹೇಗೆ? ಮತ್ತೆ ಉಪಗ್ರಹದಿಂದಲೇ. 1983ರ ಆಗಸ್ಟಿನಲ್ಲಿ ಹಾರಿದ ಇನ್ಸಾಟ್-1ಬಿ ಉಪಗ್ರಹ ಕೆಲಸ ಆರಂಭಿಸಿದ ಮೇಲೆ, 1984ರಿಂದ ದೇಶದ ಪಟ್ಟಣಗಳಲ್ಲಿ ಒಂದರ ಹಿಂದೆ ಒಂದರಂತೆ ಸಣ್ಣ ಮರುಪ್ರಸಾರ ಕೇಂದ್ರಗಳು ಎದ್ದವು. ಇಂತಹ ಕೇಂದ್ರದ ಶಕ್ತಿ ಸಾಮಾನ್ಯವಾಗಿ 100 ವಾಟ್, ಅಂದರೆ ಅಂಗಳದ ಒಂದು ದೊಡ್ಡ ಬಲ್ಬಿನಷ್ಟು. ಅದು ಚೆನ್ನಾಗಿ ಕಾಣುವುದು ಹದಿನೈದರಿಂದ ಇಪ್ಪತ್ತೈದು ಕಿಲೋಮೀಟರ್ ಸುತ್ತಳತೆಯಲ್ಲಿ. ಮಂಗಳೂರಿನ ಗುಡ್ಡದಿಂದ ಲೆಕ್ಕ ಹಾಕಿ ನೋಡಿರಿ. ರಸ್ತೆಯ ಲೆಕ್ಕದಲ್ಲಿ ಬಂಟ್ವಾಳ ಸುಮಾರು 25 ಕಿಲೋಮೀಟರ್, ಮೂಡುಬಿದಿರೆ 35, ಬೆಳ್ತಂಗಡಿ 60. ಬಂಟ್ವಾಳ ಅಂಚಿನಲ್ಲಿ, ಮೂಡುಬಿದಿರೆ ಅಂಚಿನಾಚೆ, ಬೆಳ್ತಂಗಡಿ ಎಲ್ಲೋ ದೂರ. ಅದಕ್ಕೇ ಈ ಸೀಮೆಯಲ್ಲಿ ಆಂಟೆನಾ ಎಂಬುದು ಒಂದು ದೊಡ್ಡ ಸಾಹಸವಾಗಿತ್ತು. ಮನೆ ಇರುವುದು ತೋಟದ ತಗ್ಗಿನಲ್ಲಿ. ಆಂಟೆನಾ ಇಡಬೇಕಾದುದು ಮೇಲಿನ ಗುಡ್ಡೆಯಲ್ಲಿ. ಜಿಐ ಪೈಪು, ಬೂಸ್ಟರ್, ಉದ್ದದ ವಯರು, ಸಿಡಿಲಿನ ಭಯ ಇಷ್ಟನ್ನೂ ದಾಟಿ ಬಂದ ಚಿತ್ರದಲ್ಲಿ ಅರ್ಧ ಮನುಷ್ಯರು, ಅರ್ಧ ಚುಕ್ಕೆಗಳು.

ಅಷ್ಟು ಕಷ್ಟಪಟ್ಟು ತರಿಸಿಕೊಂಡುದು ಏನನ್ನು? ಸಣ್ಣ ಕೇಂದ್ರಗಳಿಗೆ ಉಪಗ್ರಹದಿಂದ ಇಳಿಯುತ್ತಿದ್ದುದು ಹೆಚ್ಚಾಗಿ ದೆಹಲಿಯ ಕಾರ್ಯಕ್ರಮ. ಬೆಂಗಳೂರಿನಲ್ಲಿ ತಯಾರಾದ ಕನ್ನಡ ಕಾರ್ಯಕ್ರಮ ಘಟ್ಟ ಇಳಿಯಬೇಕಾದರೆ ಮೈಕ್ರೋವೇವ್ ಗೋಪುರಗಳ ಸರಣಿಯೋ ಉಪಗ್ರಹದಲ್ಲಿ ಬೇರೊಂದು ದಾರಿಯೋ ಬೇಕಿತ್ತು. ಅದು ನಿಧಾನವಾಗಿ ಬಂತು. ಅಷ್ಟರೊಳಗೆ 1987-88ರ ಭಾನುವಾರದ ಬೆಳಿಗ್ಗೆ ಹಿಂದಿಯ ರಾಮಾಯಣವನ್ನು ಹಿಂದಿ ಬಾರದ ಅಜ್ಜಿಯಂದಿರೂ ಬಿಡದೆ ನೋಡಿ ಆಗಿತ್ತು. ಕಥೆ ಗೊತ್ತಿದ್ದರೆ ಭಾಷೆ ಬೇಡ. ಕೃಷಿಯ ಮಾತು ಹಾಗಲ್ಲ. ಒಂದು ಲೀಟರಿಗೆ ಎಷ್ಟು ಗ್ರಾಂ ಎಂಬುದನ್ನು ಊಹಿಸಿಕೊಂಡರೆ ಗಿಡ ಸುಟ್ಟುಹೋದೀತು. ದೂರದರ್ಶನದ ಕಾರ್ಯಕ್ರಮಗಳ ಬಗ್ಗೆ ಪಿ. ಸಿ. ಜೋಶಿಯವರ ಅಧ್ಯಕ್ಷತೆಯ ಸಮಿತಿಯು ಎಂಬತ್ತರ ದಶಕದ ಮಧ್ಯದಲ್ಲಿ ಸರಕಾರಕ್ಕೆ ಕೊಟ್ಟ ವರದಿಯಲ್ಲಿಯೂ ಎಲ್ಲವೂ ದೆಹಲಿಯ ಸುತ್ತ ತಿರುಗುತ್ತಿದೆ ಎಂಬ ಆಕ್ಷೇಪವಿತ್ತು.

ಬಣ್ಣದ ವಿಷಯವನ್ನೂ ಇಲ್ಲಿ ಹೇಳಬೇಕು. ಭಾರತದಲ್ಲಿ ಬಣ್ಣದ ಪ್ರಸಾರ ಆರಂಭವಾದುದು 1982ರಲ್ಲಿ. ಅದನ್ನು ಶ್ರೀಮಂತರ ಶೋಕಿ ಎಂದು ಟೀಕಿಸಿದವರು ಬಹಳ. ಅಡಿಕೆ ಕೃಷಿಕನ ದೃಷ್ಟಿಯಿಂದ ನೋಡಿದರೆ ಆ ಟೀಕೆ ಪೂರ್ಣ ಸರಿಯಲ್ಲ. ಅಡಿಕೆ ಮರದ ಹಳದಿ ಎಲೆ ರೋಗವನ್ನು ಕಪ್ಪು-ಬಿಳುಪಿನಲ್ಲಿ ತೋರಿಸುವುದು ಹೇಗೆ? ಕೊಳೆರೋಗ ತಗಲಿದ ಕಾಯಿಯ ತೊಟ್ಟಿನ ಬಳಿ ಕಾಣುವ ಗಾಢ ಹಸಿರಿನ ನೀರ್ಗಲೆ ಬೂದು ಪರದೆಯ ಮೇಲೆ ಕಾಣದು. ಬೋರ್ಡೋ ದ್ರಾವಣವನ್ನೇ ನೋಡಿರಿ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಒಳ್ಳೆಯ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಸುಣ್ಣವನ್ನು ಮೈಲುತುತ್ತಿಗೆ ಸುರಿಯಬಾರದು. ಸರಿಯಾಗಿ ಕೂಡಿದ ದ್ರಾವಣದ ಬಣ್ಣ ತಿಳಿಯಾದ ಆಕಾಶನೀಲಿ. ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ಲೇಪ ಹತ್ತಿದ್ದರೆ ಸುಣ್ಣ ಸಾಲದು ಎಂದು ಅರ್ಥ. ನೀಲಿ, ಕೆಂಪು ಎಂಬ ಎರಡು ಮಾತಿನ ಮೇಲೆ ಇಡೀ ತೋಟದ ಫಸಲು ನಿಂತಿದೆ. ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ಸಿಂಪರಣೆಯನ್ನು ಬಳಕೆಗೆ ತಂದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಆಗ ಒಬ್ಬರು ತೋಟಕ್ಕೆ ಬಂದು ಮಾಡಿ ತೋರಿಸಿದ ಹೊರತು ಕಲಿಯುವ ದಾರಿ ಇರಲಿಲ್ಲ. ಇಂತಹ ಕೆಲಸಕ್ಕೆ ಬಣ್ಣದ ದೂರದರ್ಶನಕ್ಕಿಂತ ಒಳ್ಳೆಯ ಸಾಧನ ಮತ್ತೊಂದಿಲ್ಲ. ಹತ್ತು ಕರಪತ್ರ ಓದಿದರೂ ತಿಳಿಯದ್ದು ಐದು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ.

ತೊಂಬತ್ತರ ದಶಕದಲ್ಲಿ ಕನ್ನಡಕ್ಕೆ ಸರಕಾರಿ ಉಪಗ್ರಹ ವಾಹಿನಿ ದೊರೆಯಿತು. ಮೊದಲು ಅದಕ್ಕೆ ಡಿಡಿ-9 ಎಂಬ ಸಂಖ್ಯೆಯ ಹೆಸರು, ಚಂದನವಾದುದು ಆಮೇಲೆ. ಅದೇ ಹೊತ್ತಿಗೆ, 1994ರಲ್ಲಿ, ಖಾಸಗಿ ಕನ್ನಡ ವಾಹಿನಿಯೂ ಬಂದಿತು. ನೋಡುಗರು ಅತ್ತ ವಾಲಿದರು. 1997ರ ನವೆಂಬರಿನಲ್ಲಿ ಪ್ರಸಾರ ಭಾರತಿ ಎಂಬ ನಿಗಮ ಸ್ಥಾಪನೆಯಾಗಿ ದೂರದರ್ಶನ, ಆಕಾಶವಾಣಿ ಎರಡೂ ಅದರ ಕೆಳಗೆ ಬಂದವು. ಖರ್ಚಿನ ಬಹುಭಾಗ ಇಂದಿಗೂ ಸರಕಾರದ ಬೊಕ್ಕಸದ್ದೇ ಆದುದರಿಂದ ಜನ ಅದನ್ನು ಸರಕಾರಿ ವಾಹಿನಿ ಎಂದೇ ಕರೆಯುತ್ತಾರೆ. ತಪ್ಪಿಲ್ಲ. ಜಾಹೀರಾತಿನ ಲಾಭಕ್ಕಾಗಿ ನಡೆಯುವ ವಾಹಿನಿ ಕೊಳೆರೋಗಕ್ಕೆ ಅರ್ಧ ಗಂಟೆ ಕೊಡಲಾರದು. ಕೊಡಬೇಕಾದ ಹೊಣೆ ಇರುವುದು ಇದಕ್ಕೆ.

ಚಂದನದಲ್ಲಿ ಕೃಷಿ ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. 2004ರಲ್ಲಿ ಕೇಂದ್ರ ಸರಕಾರ ಸಮೂಹ ಮಾಧ್ಯಮಗಳ ಮೂಲಕ ಕೃಷಿ ವಿಸ್ತರಣೆಗೆಂದು ಹಣ ಒದಗಿಸಿದ ಮೇಲೆ ಪ್ರಾದೇಶಿಕ ಕೇಂದ್ರಗಳ ಕೃಷಿ ವಿಭಾಗಕ್ಕೆ ಬಲ ಬಂತು. ಕೊರತೆ ಇರುವುದು ಬೇರೆ ಕಡೆ. ಇಡೀ ರಾಜ್ಯಕ್ಕೆ ಒಂದೇ ವಾಹಿನಿ. ಬೀದರಿನ ತೊಗರಿಗೂ ಮಂಡ್ಯದ ಕಬ್ಬಿಗೂ ಕೋಲಾರದ ಟೊಮೆಟೋಗೂ ವಿಟ್ಲದ ಅಡಿಕೆಗೂ ಅದೇ ಅರ್ಧ ಗಂಟೆ. ಪರದೆಯ ಮೇಲೆ ಮುಂಗಾರು, ಹಿಂಗಾರು ಎಂಬ ಮಾತು ಬರುತ್ತದೆ. ಮೂಡುಬಿದಿರೆಯ ಬೈಲಿನಲ್ಲಿ ನಿಂತವನ ಲೆಕ್ಕ ಏಣೇಲು, ಸುಗ್ಗಿ, ಕೊಳಕೆ. ಬೈಲು, ಮಜಲು, ಬೆಟ್ಟು ಎಂದು ಗದ್ದೆಯನ್ನು ವಿಂಗಡಿಸಿ ಯಾವುದಕ್ಕೆ ಯಾವ ತಳಿ ಎಂದು ಕೇಳುವವನಿಗೆ ‘ನೀರಾವರಿ ಮತ್ತು ಖುಷ್ಕಿ’ ಎಂಬ ಉತ್ತರ ಸಾಲದು. ಹಿಂಗಾರಿನ ಬಿತ್ತನೆಯ ಸಿದ್ಧತೆಯನ್ನು ತೋರಿಸುವ ದಿನಗಳಲ್ಲಿ ಇಲ್ಲಿ ಅಂಗಳದಲ್ಲಿ ಅಡಿಕೆ ಹರಡುವ ಚಿಂತೆ. ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲೇ ಒಂದು ಸಿಂಪರಣೆ ಮುಗಿಯಬೇಕು, ನಲುವತ್ತು ನಲುವತ್ತೈದು ದಿನ ಕಳೆದು ಆಟಿಯ ಮಳೆಯ ನಡುವೆ ಬಿಸಿಲು ಕಂಡ ದಿನ ಇನ್ನೊಂದು ಆಗಬೇಕು. ಈ ಲೆಕ್ಕ ಬೆಂಗಳೂರಿನ ಸ್ಟುಡಿಯೋದ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಅದು ಅಲ್ಲಿನವರ ದೋಷವೆನ್ನುವುದಕ್ಕಿಂತ, ಕೇಳಿದವರು ಇಲ್ಲಿ ಕಡಿಮೆ ಎನ್ನುವುದು ಹೆಚ್ಚು ಸರಿ.

ಈ ಕೆಲಸವನ್ನು ಹತ್ತಿರದಿಂದ ಮಾಡಿದುದು ರೇಡಿಯೋ. ಮಂಗಳೂರು ಆಕಾಶವಾಣಿ ನಿಲಯ 1976ರ ಡಿಸೆಂಬರ್ 11ರಂದು ಆರಂಭವಾಯಿತು. ಅಂದರೆ ಬೆಂಗಳೂರು ದೂರದರ್ಶನಕ್ಕಿಂತ ಐದು ವರ್ಷ ಮೊದಲು. ಅದು ಕನ್ನಡದಲ್ಲಷ್ಟೇ ಅಲ್ಲ, ತುಳುವಿನಲ್ಲೂ ಕೊಂಕಣಿಯಲ್ಲೂ ಮಾತನಾಡಿತು. ನಿಲಯ ಕದ್ರಿಯಲ್ಲಿ, ಮಾತನಾಡುವ ತಜ್ಞರು ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರದಿಂದಲೋ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಿಂದಲೋ ಬಸ್ಸು ಹತ್ತಿ ಮಧ್ಯಾಹ್ನಕ್ಕೆ ತಲಪಬಲ್ಲವರು. ಮಳೆ ಬಂದಿದೆಯೋ ಇಲ್ಲವೋ ಎಂದು ಕಿಟಕಿಯಿಂದ ನೋಡಿದರೆ ಗೊತ್ತಾಗುತ್ತದೆ. ದೂರದರ್ಶನಕ್ಕೆ ಕಣ್ಣಿತ್ತು, ಆದರೆ ಅದು ದೂರದಲ್ಲಿತ್ತು. ಆಕಾಶವಾಣಿ ಹತ್ತಿರವಿತ್ತು, ಆದರೆ ತೋರಿಸಲಾರದಾಗಿತ್ತು. ಕರಾವಳಿಯ ಕೃಷಿಕನಿಗೆ ಎರಡೂ ಸೇರಿ ಸಿಕ್ಕಿದುದು ಕಡಿಮೆ.

ಈಗ ಗೋಪುರಗಳ ಕಾಲ ಮುಗಿದಿದೆ. ಹಳೆಯ ಬಗೆಯ ಭೂಪ್ರಸಾರ ಕೇಂದ್ರಗಳಲ್ಲಿ ಬಹುಪಾಲನ್ನು ಪ್ರಸಾರ ಭಾರತಿ 2022ರ ಹೊತ್ತಿಗೆ ನಿಲ್ಲಿಸಿತು. ಛಾವಣಿಯ ಮೇಲೆ ಉಳಿದ ಮೀನಿನ ಮುಳ್ಳಿನಂತಹ ಆಂಟೆನಾ ಬಟ್ಟೆ ಒಣಗಿಸುವುದಕ್ಕಷ್ಟೇ. ಇಂದು ಚಂದನ ದೊರೆಯುವುದು ಕೇಬಲ್‌ನಲ್ಲಿ, ಖಾಸಗಿ ಡಿಶ್‌ಗಳಲ್ಲಿ ಮತ್ತು 2004ರ ಡಿಸೆಂಬರಿನಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಶ್ ಸೇವೆಯಲ್ಲಿ. ಉಚಿತ ಡಿಶ್‌ಗೆ ತಟ್ಟೆ ಮತ್ತು ಪೆಟ್ಟಿಗೆಯ ಬೆಲೆ ಕೊಟ್ಟರಾಯಿತು, ತಿಂಗಳ ಬಾಡಿಗೆಯಿಲ್ಲ. ಅದರ ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ನಮ್ಮ ಜಿಲ್ಲೆಯಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿದೆ. ಅಷ್ಟು ಎತ್ತರದಿಂದ ಬರುವ ಅಲೆಗೆ ಕುದುರೆಮುಖವೂ ಅಡ್ಡವಲ್ಲ, ಚಾರ್ಮಾಡಿಯೂ ಅಡ್ಡವಲ್ಲ. ಒಂದು ಕಾಲದಲ್ಲಿ ದೊಡ್ಡ ಗೋಡೆಯಾಗಿದ್ದ ಘಟ್ಟವನ್ನು ಹೀಗೆ ದಾಟಿ ಆಯಿತು. ಈಗ ಅಡ್ಡ ಬರುವುದು ಮನೆಯ ಆಗ್ನೇಯಕ್ಕೆ ನಿಂತ ತೆಂಗು, ಕಂಗು. ತಟ್ಟೆ ಕೂರಿಸುವಾಗ ಗರಿ ಬೆಳೆದು ಮುಚ್ಚದ ಜಾಗ ಹುಡುಕಬೇಕು.

ಇನ್ನೊಂದು ಅಡ್ಡಿ ಇದೆ, ಅದು ಮಳೆ. ಈ ತಟ್ಟೆಗಳಿಗೆ ಬರುವ ಅಲೆಯನ್ನು ದಟ್ಟ ಮಳೆಯ ಹನಿ ಹೀರಿಕೊಳ್ಳುತ್ತದೆ. ಜೂನ್, ಜುಲೈ ತಿಂಗಳ ಕುಂಭದ್ರೋಣ ಮಳೆಗೆ ಚಿತ್ರ ಚೂರಾಗಿ ನಿಂತೇ ಹೋಗುತ್ತದೆ. ಗಾಳಿಗೆ ಮರ ಬಿದ್ದು ಕರೆಂಟೂ ಹೋಗಿರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ, ಕೊಳೆರೋಗದ ಸಲಹೆ ಹೆಚ್ಚು ಬೇಕಾದ ವಾರದಲ್ಲೇ ಪರದೆ ಕಪ್ಪು. ಆದುದರಿಂದ ಇಲ್ಲಿನವರಿಗೆ ಮಳೆಗಾಲದ ಪಾಠ ಮಳೆಗೆ ಮೊದಲೇ ಬರಬೇಕು. ಮಳೆಗಾಲದ ನಡುವೆ ಬ್ಯಾಟರಿ ಹಾಕಿದ ಸಣ್ಣ ರೇಡಿಯೋವನ್ನು ಮನೆಯಲ್ಲಿ ಇರಿಸಿಕೊಳ್ಳುವುದು ಇಂದಿಗೂ ಬುದ್ಧಿವಂತಿಕೆ. ಚಂದನದ ಅನೇಕ ಕೃಷಿ ಕಾರ್ಯಕ್ರಮಗಳು ಯೂಟ್ಯೂಬಿನಲ್ಲಿಯೂ ದೊರೆಯುತ್ತವೆ. ಮೊಬೈಲಿಗೆ ಸಿಗ್ನಲ್ ಇರುವ ಊರಿನವರು ಬೇಕಾದುದನ್ನು ಏಪ್ರಿಲಿನಲ್ಲೇ ಇಳಿಸಿಟ್ಟುಕೊಳ್ಳಬಹುದು. ತುರ್ತು ಪ್ರಶ್ನೆಗೆ ಕಿಸಾನ್ ಕಾಲ್ ಸೆಂಟರಿನ 1800-180-1551 ಉಚಿತ ಸಂಖ್ಯೆಯಿದೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯದಾಗಿ, ಕಾರ್ಯಕ್ರಮ ಬೇಕೆಂದು ಕೇಳುವ ವಿಧಾನ. ಒಂದು ಚಿತ್ರವನ್ನು ತೋಟದಲ್ಲಿ ತೆಗೆದು, ತಜ್ಞರನ್ನು ಗೊತ್ತುಮಾಡಿ, ಸರದಿಯಲ್ಲಿ ಸೇರಿಸಲು ವಾರಗಳು ಬೇಕು. ಮೇ ತಿಂಗಳ ಮೊದಲ ಭಾಗದಲ್ಲಿ ಬೋರ್ಡೋ ದ್ರಾವಣದ ಕಾರ್ಯಕ್ರಮ ಕಾಣಬೇಕಾದರೆ ಫೆಬ್ರವರಿಯಲ್ಲೇ ಬರೆಯಬೇಕು; ಬಿಸು ಹಬ್ಬ ಕಳೆದ ಮೇಲೆ ಬರೆದರೆ ಆ ವರ್ಷಕ್ಕೆ ಆಗದು. ಒಬ್ಬೊಬ್ಬರೇ ಬರೆಯುವುದಕ್ಕಿಂತ ಹಾಲಿನ ಸೊಸೈಟಿ, ಸಹಕಾರಿ ಸಂಘ, ಸ್ವಸಹಾಯ ಗುಂಪುಗಳ ಹೆಸರಿನಲ್ಲಿ ಬರೆದರೆ ತೂಕ ಹೆಚ್ಚು. ಬೆಂಗಳೂರು ದೂರದರ್ಶನ ಕೇಂದ್ರದ ಕೃಷಿ ವಿಭಾಗಕ್ಕೆ ಒಂದು ಪ್ರತಿ, ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಇನ್ನೊಂದು ಪ್ರತಿ ಇರಲಿ. ತಜ್ಞರನ್ನು ಗೊತ್ತುಮಾಡುವುದು ಆಗ ಸುಲಭವಾಗುತ್ತದೆ. ‘ಅಡಿಕೆಯ ಬಗ್ಗೆ ತಿಳಿಸಿರಿ’ ಎಂದು ಬರೆದರೆ ಬರುವುದು ಎಲ್ಲರಿಗೂ ಗೊತ್ತಿರುವ ಉತ್ತರ. ತೋಟ ಹೊಳೆಯ ಬದಿಯದೋ ಗುಡ್ಡೆಯ ಇಳಿಜಾರಿನದೋ, ಮರಕ್ಕೆ ಎಷ್ಟು ವರ್ಷ, ಕಳೆದ ವರ್ಷ ಯಾವ ದಿನಗಳಲ್ಲಿ ಎಷ್ಟು ಸಲ ಮದ್ದು ಬಿಡಲಾಯಿತು, ಕಾಯಿ ಉದುರಲು ತೊಡಗಿದುದು ಯಾವಾಗ, ಮರ ಹತ್ತುವವರು ಸಿಗುತ್ತಾರೋ ಅಥವಾ ದೋಟಿ ಬಳಸುವುದೋ, ಇಷ್ಟನ್ನು ಒಂದು ಪುಟದಲ್ಲಿ ಬರೆದು, ಚಿತ್ರ ತೆಗೆಯಲು ಬಂದರೆ ತೋಟ ತೋರಿಸಲು ಒಪ್ಪಿಗೆಯಿದೆ ಎಂದು ಸೇರಿಸಿ, ಹತ್ತಿರದ ಬಸ್ ನಿಲ್ದಾಣದ ಹೆಸರನ್ನೂ ಸಂಘದ ದೂರವಾಣಿ ಸಂಖ್ಯೆಯನ್ನೂ ಕೊಡಬೇಕು.